ಹೆಬ್ಬಾತುಗಳ ಮೇಲೆ ಫಿರಂಗಿ

ಯಂತ್ರದ ಒಂದು ಬಾಯಿಗೆ ಡಾಂಬರಿನಂಥ ಎಣ್ಣೆ ಮೆತ್ತಿಕೊಂಡ ಮರಳು ಬೀಳುತ್ತಿತ್ತು. ಇನ್ನೊಂದು ಬಾಯಿಂದ ಬೆಳ್ಳಗಿನ ಮರಳು ಉದುರುತ್ತಿತ್ತು. ಉತ್ತರ ಕೆನಡಾದ ಆ ಗಣಿಯಲ್ಲಿ ಹಿಂದೆಲ್ಲ ಮರಳನ್ನು ಬಿಸಿನೀರಿನಲ್ಲಿ ತೊಳೆದು ಎಣ್ಣೆ ತೆಗೆಯುತ್ತಿದ್ದರು. ಉಳಿದ ವಿಷದ ರಾಡಿ ಕೆರೆಯಾಗಿ ನಿಲ್ಲುತ್ತಿತ್ತು. ಹಕ್ಕಿಗಳು ಅದರಲ್ಲಿಳಿದು ಸಾಯಬಾರದೆಂದು ದಡದಲ್ಲಿ ಬರೀ ಸದ್ದು ಮಾಡಿ ಅವನ್ನು ಹೆದರಿಸಿ ಓಡಿಸುವ ಗ್ಯಾಸ್ ಫಿರಂಗಿಗಳು ಹಗಲಿರುಳು ಢಂ ಎನ್ನುತ್ತಿದ್ದವು. ಡಾ. ಶಾರ್ವರಿ ಕಂಡುಹಿಡಿದ ಕಿಣ್ವ, ಅಂದರೆ ಎಣ್ಣೆಯ ಹಿಡಿತ ಸಡಿಲಿಸುವ ಜೈವಿಕ ರಸ, ರಾಡಿಯನ್ನು ಹತ್ತನೇ ಒಂದು ಪಾಲಿಗೆ ಇಳಿಸಿತು. ಹಳೆಯ ಕೆರೆ ಬತ್ತಿತು. ಫಿರಂಗಿಗಳು ಬಾಯಿ ಮುಚ್ಚಿದವು.

ಪಕ್ಕದ ಜೌಗು ನೆಲದಲ್ಲಿ ತಲೆತಲಾಂತರದಿಂದ ಅಡೆಲ್ ಎಂಬಾಕೆಯ ಬುಡಕಟ್ಟಿನವರಿದ್ದರು. ಸದ್ದು ನಿಂತ ಮೇಲೆ ಅಲ್ಲಿ ಹೆಬ್ಬಾತುಗಳು ಮತ್ತೆ ಬಂದು ಮೊಟ್ಟೆಯಿಟ್ಟವು. "ಇನ್ನು ಇವುಗಳ ತಂಟೆಗೆ ಯಾರೂ ಬರಲ್ಲ" ಎಂದು ಶಾರ್ವರಿ ಅಡೆಲ್‌ಗೆ ಮಾತು ಕೊಟ್ಟಿದ್ದಳು.

ಆ ಮಾತಿಗೆ ಮಣ್ಣು ಹಾಕಿದವನು ಗಣಿಯ ಮ್ಯಾನೇಜರ್, ಹುಬ್ಬಳ್ಳಿಯ ಮುರಿಗೆಪ್ಪ ಕುಬಸದ.

"ಮೇಡಂ, ಖುಷಿ ಸುದ್ದಿ ರೀ! ಇಪ್ಪತ್ತು ಪಟ್ಟು ಎಣ್ಣಿ ತಗ್ಯಾಕ ಪರವಾನಗಿ ಸಿಕ್ತು. ನಾಡಿದ್ದಿಂದ ರಾಡಿ ಆ ಜೌಗಿಗೆ ಬಿಡ್ತೀವಿ."

"ಏನ್ರೀ ಹೇಳ್ತಿದೀರಿ? ರಾಡಿ ಇಳಿಸಿದೀನಲ್ರೀ ನಾನು!"

"ಒಂದೊಂದು ಬ್ಯಾರಲ್ ಎಣ್ಣಿ ಲೆಕ್ಕಕ್ಕ ಇಳಿಸೀರಿ. ನಾವು ಬ್ಯಾರಲ್ ಹೆಚ್ಚು ಮಾಡೇವಿ."

"ಅಂದ್ರೆ ರಾಡಿ ಮೊದಲಿಗಿಂತ ಎರಡರಷ್ಟು! ನಾಚಿಕೆ ಆಗಲ್ವಾ ನಿಮಗೆ?"

"ನನಗ್ಯಾಕ್ರಿ ನಾಚಿಕಿ? ಬ್ಯಾರಲ್‌ಗೆ ಇಷ್ಟ ರಾಡಿ ಅಂತ ಅಳದು ಸರ್ಕಾರಕ್ಕ ಕೊಟ್ಟವರು ನೀವ. ಇಷ್ಟ ಬ್ಯಾರಲ್ ಸಾಕು ಅಂತ ಎಲ್ಲಿ ಹೇಳೀರಿ?"

ಶಾರ್ವರಿಯ ಮೈಯೆಲ್ಲ ಉರಿಯಿತು. ಹೌದು, ಹೇಳಿರಲಿಲ್ಲ. ಈ ಕಸುಬಿನಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರ ಅಳತೆಯೂ ಬ್ಯಾರಲ್ ಲೆಕ್ಕದಲ್ಲೇ. ಎಂಥ ದರಿದ್ರ ಲೆಕ್ಕ! ಮರುದಿನವೆಲ್ಲ ಅಧಿಕಾರಿಗಳ ಬಾಗಿಲು ತಟ್ಟಿದಳು. ಅವರು ಆಕೆಯ ಅಳತೆಯನ್ನೇ ಆಕೆಯ ಮುಖಕ್ಕೆ ಹಿಡಿದರು.

ಪೈಪು ತೆರೆಯುವ ಬೆಳಗ್ಗೆ ಶಾರ್ವರಿಯೇ ಹಳೆಯ ಫಿರಂಗಿಯೊಂದನ್ನು ಜೌಗಿಗೆ ಎಳೆದು ತಂದಳು. ಹಕ್ಕಿಗಳಾದರೂ ಬದುಕಿಕೊಳ್ಳಲಿ.

"ಮೊಟ್ಟೆಗಳು?" ಅಡೆಲ್ ಕೇಳಿದಳು.

"ಅವನ್ನ ಉಳಿಸೋಕೆ ಆಗಲ್ಲ."

"ಮಾತು ಕೊಟ್ಟಿದ್ದೆ ನೀನು."

ಶಾರ್ವರಿ ಹಲ್ಲುಕಚ್ಚಿ ಗುಂಡಿ ಒತ್ತಿದಳು. ಢಂ! ಹೆಬ್ಬಾತುಗಳು ಕಿರುಚುತ್ತ ಮೇಲೆದ್ದವು. ಕಾವು ಆರದ ಮೊಟ್ಟೆಗಳು ಹುಲ್ಲಿನಲ್ಲೇ ಉಳಿದವು. ಸ್ವಲ್ಪ ಹೊತ್ತಿಗೆ ರಾಡಿ ಬಂತು.

ಆ ಎಣ್ಣೆ 'ಹಸಿರು ಎಣ್ಣೆ' ಎಂಬ ಹೆಸರಿನಲ್ಲಿ ಮಾರಾಟವಾಯಿತಂತೆ. ಮುರಿಗೆಪ್ಪನನ್ನು ಬೈಯಬೇಕು, ಸರಿಯೇ. ಆದರೆ ಕಡಿಮೆ ಪೆಟ್ರೋಲ್ ಕುಡಿಯುತ್ತದೆಂದು ಗಾಡಿ ಕೊಂಡು, ಬೀದಿ ಕೊನೆಗೆ ಕೊತ್ತಂಬರಿ ಸೊಪ್ಪು ತರಲೂ ಅದನ್ನೇ ಹತ್ತುವ ನಾವು ಯಾವ ಬಾಯಲ್ಲಿ ಬೈಯೋಣ?