1774ರ ದಿಕ್ಸೂಚಿ

ಏಪ್ರಿಲ್ ಹದಿನಾಲ್ಕರ ಮಂಗಳವಾರ ಬೆಳಿಗ್ಗೆ ನ್ಯೂ ಹ್ಯಾಂಪ್‌ಶೈರ್‌ನ ಟಿಲ್ಡನ್ ಫಾಲ್ಸ್ ಠಾಣೆಗೆ ದೂರು ಬಂತು. ಕೊಟ್ಟವಳು ಊರಿನ ಇತಿಹಾಸ ಸಂಘದ ಕಾರ್ಯದರ್ಶಿ ಹೆಸ್ಟರ್ ವಾರ್ನಿ. ಕಳುವಾದದ್ದು ಹಿತ್ತಾಳೆಯ ಸರ್ವೆ ದಿಕ್ಸೂಚಿ. 1774ರಲ್ಲಿ ಊರಿನ ಗಡಿ ಅಳೆದದ್ದು ಅದರಿಂದಲೇ ಎಂದು ಪ್ರತೀತಿ. ಊರಿನ ಫಲಕದ ಮೇಲೆ, ಅಗ್ನಿಶಾಮಕ ದಳದ ಲಾರಿಯ ಮೇಲೆ, ಶಾಲೆಯ ಹುಡುಗಿಯರ ಬಾಸ್ಕೆಟ್‌ಬಾಲ್ ಅಂಗಿಯ ಮೇಲೆ ಕೂಡ ಅದರದೇ ಚಿತ್ರ.

ಡಿಟೆಕ್ಟಿವ್ ಸಾರ್ಜೆಂಟ್ ಲೋರ್ನಾ ಪಿಕರ್ಡ್ ದೂರು ದಾಖಲಿಸಿ, ಪೇದೆ ಡುವೇನ್ ತಿಬೊಡೋನನ್ನು ಕರೆದುಕೊಂಡು ಸಂಘದ ಕಟ್ಟಡಕ್ಕೆ ಹೋದಳು. ಬೀಗ ಒಡೆದಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿದ್ದ ಮೂರು ದಿಕ್ಸೂಚಿಗಳಲ್ಲಿ ಹಿಂದಿನದು ಹೋಗಿತ್ತು. ಮುಂದಿನ ಎರಡನ್ನು ಪಕ್ಕಕ್ಕೆ ಸರಿಸಲಾಗಿತ್ತು.

"ಬೆಳ್ಳಿ ಪಾತ್ರೆಗಳು ಹಾಗೇ ಕೂತಿವೆ. ಕಳ್ಳನಿಗೆ ಕಣ್ಣು ಕಾಣಲ್ವಾ?" ಎಂದ ಡುವೇನ್.

"ಕೀಲಿ ಯಾರ ಹತ್ರ ಇದೆ, ಹೆಸ್ಟರ್?"

"ಅರ್ಧ ಊರಿನ ಹತ್ರ. ಛಾವಣಿ ರಿಪೇರಿಯವನ ಹತ್ರನೂ. ಗುರುವಾರ ಬಾಸ್ಟನ್ನಿಂದ ಮ್ಯೂಸಿಯಮ್ಮಿನವಳು ಅದನ್ನ ಬಿಚ್ಚಿ ಪರೀಕ್ಷೆ ಮಾಡೋಕೆ ಬರ್ತಾಳೆ. ಏನು ತೋರಿಸ್ಲಿ, ಖಾಲಿ ಗಾಜನ್ನಾ?"

ಪಂಚನಾಮೆ ಬರೆಯುತ್ತಿದ್ದಾಗ ಹೆಸ್ಟರ್ ಉಳಿದೆರಡರ ಮೇಲೆ ಬಗ್ಗಿದಳು. "ಇದ್ಯಾಕೆ ಮುಳ್ಳು ಅಲ್ಲಾಡ್ತಿಲ್ಲ? ನಾನು ಬಿಟ್ಟೇ ಇಟ್ಟಿರ್ತೀನಿ. ಮಕ್ಕಳು ಅದು ತಿರುಗೋದನ್ನ ನೋಡೋಕೇ ಬರೋದು."

"ಕೆಟ್ಟಿದೆಯಾ?"

"ಇಲ್ಲ. ಕೆಳಗಿನ ತಿರುಪು ತಿರುಗಿಸಿ ಮುಳ್ಳನ್ನ ಎತ್ತಿ ಬಿಗಿ ಮಾಡಿದಾರೆ. ಬಿಗಿ ಮಾಡದೆ ಅಲುಗಾಡಿಸಿದ್ರೆ ಅದು ಕೂತಿರೋ ಮೊನೆ ಹಾಳಾಗುತ್ತೆ. ಅದಕ್ಕೇ ಇದನ್ನ ಬಲ್ಲವರು ಸರಿಸೋ ಮೊದಲು..." ಹೆಸ್ಟರ್ ಮಾತು ನುಂಗಿದಳು.

ಕದಿಯಲು ಬಂದವನು, ಬೇಡವಾದದ್ದಕ್ಕೂ ನೋವಾಗದಂತೆ ನೋಡಿಕೊಂಡಿದ್ದ.

"ಅಂಥವರಲ್ಲಿ ಕೀಲಿ ಇರೋರು ಎಷ್ಟು ಜನ?"

"ಒಬ್ರೇ," ಎಂದಳು ಹೆಸ್ಟರ್, ತೀರ ಮೆಲ್ಲಗೆ.

ಆ ಒಬ್ಬ ಎವರೆಟ್ ಕೋಲ್ಕಾರ್ಡ್, ನಿವೃತ್ತ ಸರ್ವೆಯರ್. ಆ ದಿಕ್ಸೂಚಿಗೆ 1774 ಎಂಬ ವರ್ಷ ಗೊತ್ತುಮಾಡಿದವನೂ ಅವನೇ. ನ್ಯಾಯಾಧೀಶರಿಂದ ಶೋಧನಾ ವಾರಂಟ್ ಪಡೆದು ಇಬ್ಬರೂ ಅವನ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ.

"ಬೂಟು ಒರೆಸ್ಕೊಂಡು ಬನ್ನಿ. ರಸ್ತೆಯೆಲ್ಲ ನನ್ನ ಮನೆಗೆ ತರಬೇಡಿ," ಎಂದ ಮುದುಕ.

"ಹೊರಗಿನ ಕಳ್ಳ ಅಂತೀರಾ, ಮಿಸ್ಟರ್ ಕೋಲ್ಕಾರ್ಡ್?" ಎಂದು ಲೋರ್ನಾ ಕೇಳಿದಳು.

"ಇರಬಹುದು. ಇಂಥದ್ದಕ್ಕೆ ಗಿರಾಕಿಗಳಿದಾರೆ."

"ಮುಂದಿದ್ದ ಎರಡರ ಮುಳ್ಳನ್ನೂ ಬಿಗಿ ಮಾಡಿ ಆಮೇಲೆ ಸರಿಸಿದಾನೆ."

ಮುದುಕ ತನ್ನ ಬಲಗೈಯನ್ನು, ಬೇರೆಯವರದೋ ಎಂಬಂತೆ ನೋಡಿದ. "ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ."

ಆಮೇಲೆ ಅವನೇ ಎದ್ದು, ಒಳಗಿನಿಂದ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ್ದ ದಿಕ್ಸೂಚಿಯನ್ನೂ ಅದರೊಳಗಿನ ಒಂದು ಸಣ್ಣ ತಿರುಪನ್ನೂ ತಂದಿಟ್ಟು, ಲೋರ್ನಾಳಿಗೆ ಭೂತಗನ್ನಡಿ ಕೊಟ್ಟ.

"ತಿರುಪಿನ ಸುತ್ತುಗಳನ್ನ ನೋಡು. ಎಲ್ಲ ಒಂದೇ ಸಮ. ಯಂತ್ರದ್ದು. 1774ರಲ್ಲಿ ಕೈಯಲ್ಲಿ ಕೊರೀತಿದ್ರು, ಅಂಕುಡೊಂಕಾಗಿರೋದು. ಹೋದ ಚಳಿಗಾಲ ಒರೆಸೋಕೆ ಬಿಚ್ಚಿದಾಗ ಕಾಣಿಸ್ತು. ಊರು ಅಳೆದು ಅರವತ್ತು ವರ್ಷ ಆದ್ಮೇಲೆ ಹುಟ್ಟಿದ್ದು ಇದು."

"ಯಾರಿಗೂ ಹೇಳ್ಲಿಲ್ಲ?"

"ವರ್ಷವರ್ಷ ಶಾಲೆ ಮಕ್ಕಳನ್ನ ನಿಲ್ಲಿಸ್ಕೊಂಡು ಹೇಳಿದೀನಿ, 1774, 1774 ಅಂತ. ನೀನೂ ಬಂದಿದ್ದೆ, ಲೋರ್ನಾ. ಮುಂದಿನ ಸಾಲು."

"ನದಿಗೆ ಎಸೆದಿದ್ರೆ ಸಿಗ್ತಾನೇ ಇರ್ಲಿಲ್ಲ," ಎಂದ ಡುವೇನ್.

"ಎಸೆಯೋದಾ?" ಕೋಲ್ಕಾರ್ಡ್ ನಿಜಕ್ಕೂ ಸಿಟ್ಟಾದ. "ನಿನಗೇನಾದ್ರೂ ಬುದ್ಧಿ ಇದೆಯಾ?"

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಂಧನ ದಾಖಲಾಯಿತು. ಡುವೇನ್ ಜೇಬಿನಿಂದ ಬೇಡಿ ಹೊರತೆಗೆದ. ಲೋರ್ನಾ ನೋಡಿದ ನೋಟಕ್ಕೆ ಒಳಗಿಟ್ಟ.

ಗುರುವಾರ ಮ್ಯೂಸಿಯಮ್ಮಿನವಳು ಠಾಣೆಯಲ್ಲೇ ಅದನ್ನು ಪರೀಕ್ಷಿಸಿದಳು. "ಹಿಂದೆ ವರ್ಷ ಗೊತ್ತುಮಾಡೋವಾಗ ಎಲ್ಲರೂ ಹೀಗೇ ಎಡವಿದ್ರು. ನಮ್ಮ ಮ್ಯೂಸಿಯಮ್ಮಲ್ಲೇ ಇಂಥವು ಮೂರು ಇದ್ವು. ವರ್ಷ ಬರೆದ ಚೀಟಿ ಬದಲಾಯಿಸಿದ್ವಿ, ಅಷ್ಟೇ."

ಜಾಮೀನಿನ ಮೇಲೆ ಮನೆಗೆ ಬಂದಿದ್ದ ಕೋಲ್ಕಾರ್ಡ್‌ಗೆ ಇದನ್ನು ಹೇಳಬೇಕೋ ಬೇಡವೋ ಎಂದು ಲೋರ್ನಾ ದಾರಿಯುದ್ದಕ್ಕೂ ಯೋಚಿಸಿದಳು. ಹೇಳಿದಳು.

"ಚೀಟಿನಾ?" ಎಂದ ಅವನು. ಆಮೇಲೆ ಕೇಳಿದ, "ಯಾವ ವರ್ಷ ಅಂದ್ಲು?"

"1840ರ ಸುಮಾರು."

"ಛೆ, 1835 ದಾಟಲ್ಲ. ಅಂಕಿ ಕೊರೆದಿರೋ ರೀತಿ ನೋಡಿದ್ರೆ ಗೊತ್ತಾಗುತ್ತೆ. ಅವಳಿಗೆ ಹೇಳು..."

ಅವನು ಅಲ್ಲಿಗೇ ನಿಲ್ಲಿಸಿದ.

"ಬೇಡ ಬಿಡು. ನನ್ನ ಮಾತು ಇನ್ಯಾರು ನಂಬ್ತಾರೆ."