ಒಂದೇ ಮೀನು ಸಾಕು

"ಎಂತ ಬೇಕಿತ್ ನಿಮ್ಗ್?"

ಬೆನ್ನ ಹಿಂದೆ ಆ ಸ್ವರ ಕೇಳಿದ್ದೇ ತಡ, ಮೀನಿನ ಟ್ಯಾಂಕಿನ ಗಾಜಿನ ಮೇಲಿದ್ದ ರಮಿತಾಳ ಕೈ ಅಲ್ಲೇ ನಿಂತುಬಿಟ್ಟಿತು.

ತಿರುಗಬೇಕೋ, ಬೇಡವೋ... ತಿರುಗದೆ ಇರಲಾದೀತೇ?

ಅವನೇ! ಉಲ್ಲಾಸ್! ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತಿದ್ದ. ಗಡ್ಡ ಬಿಟ್ಟಿದ್ದಾನೆ, ಸೊರಗಿದ್ದಾನೆ. ಅವನ ಕಣ್ಣು ಅವಳ ಮುಖದ ಮೇಲೆ ನಿಂತು, ಟ್ಯಾಂಕಿನತ್ತ ಸರಿಯಿತು.

"ಯಾವ ಮೀನ್ ಕಾಂತ್ರಿ?" ಎಂದ ಆಮೇಲೆ. ಮುಖ ಕಂಡ ಮೇಲೂ 'ನೀವು' ಬಿಡಲಿಲ್ಲ!

ನಾಲ್ಕು ವರ್ಷದ ಹಿಂದೆ ಇದೇ ಬಾಯಿ ಅವಳನ್ನು 'ರಮಿ' ಎನ್ನುತ್ತಿತ್ತು.

ಇದು ಇವನ ಅಂಗಡಿ ಎಂದು ಗೊತ್ತಿದ್ದರೆ ಅವಳು ಮೆಟ್ಟಿಲು ಹತ್ತುತ್ತಿರಲಿಲ್ಲ. ಬೈಂದೂರಿನಲ್ಲಿ ಅವಳ ಮನೆಯವರ ಲಾಡ್ಜಿನ ರಿಸೆಪ್ಷನ್‌ಗೆ ಹೊಸ ಟ್ಯಾಂಕ್ ಬಂದಿತ್ತು. 'ಚಿಲ್ಲರೆ ಮೀನಿನ ಸಂತೆ ಬ್ಯಾಡ. ಒಂದೇ ಒಂದ್ ತಕಾ. ಒಳಗ್ ಬಂದವ್ರ್ ಅದನ್ನೇ ಕಾಣ್ತಾ ನಿಲ್ಕ್' ಎಂದು ಅಣ್ಣ ರವಿರಾಜ್ ಅವಳನ್ನು ಕುಂದಾಪುರಕ್ಕೆ ಅಟ್ಟಿದ್ದ. ಬಾಗಿಲ ಮೇಲೆ 'ಅಕ್ಕು ಅಕ್ವೇರಿಯಂ' ಎಂಬ ಬೋರ್ಡ್ ಓದಿ, ಅಕ್ವೇರಿಯಂಗೂ ಮುದ್ದಿನ ಹೆಸರೇ ಎಂದು ನಗುತ್ತಲೇ ಒಳಗೆ ಬಂದಿದ್ದಳು. ಈಗ ನಗು ಎಲ್ಲಿಗೋ ಹೋಗಿತ್ತು.

"ನಾಲ್ಕಡಿ ಟ್ಯಾಂಕಿಗ್ ಒಂದ್ ಮೀನ್ ಬೇಕ್," ಎಂದಳು, ನೆಲ ನೋಡುತ್ತಾ. "ಒಂದೇ."

"ಅರೋವಾನ ಕೇಣ್ಬ್ಯಾಡಿ. ಅದ್ ಉದ್ದ ಬೆಳಿತ್ತ್, ನಾಲ್ಕಡಿಯಗೆ ತಿರ್ಗುಕೂ ಆತಿಲ್ಲೆ. ಈ ಆಸ್ಕರ್ ಕಾಣಿ. ಗಾಜಿನ ಹತ್ರ ಯಾರ್ ಬಂದ್ರೂ ನಾಯಿಮರಿ ಹಾಂಗೆ ಓಡಿ ಬತ್ತ್." ಕೊನೆಗೆ ಒಂದು ಕುಟುಕು ಸೇರಿಸಿದ. "ಯಜಮಾನ್ರ್ ಬರ್ಲಿಲ್ಯಾ? ಅವ್ರೂ ಕಂಡಿದ್ರೆ ಒಳ್ಳೇದಿತ್."

"ಇದ್ರೆ ಅಲ್ದಾ ಬಪ್ದ್!"

ಉಲ್ಲಾಸ್ ಚಕ್ಕನೆ ತಲೆಯೆತ್ತಿದ. ಏನೋ ಕೇಳಹೊರಟವನು ಆಸ್ಕರ್ ಟ್ಯಾಂಕಿನ ಗಾಜು ಒರೆಸತೊಡಗಿದ. ಬಿಗುಮಾನದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಡಿಮೆಯಿಲ್ಲ ಬಿಡಿ!

ಆಗಲೇ ಅವಳ ಕಣ್ಣು ಮೂಲೆಯ ಟ್ಯಾಂಕಿಗೆ ಹೋಯಿತು. ಕೆಂಪು ಮೈ, ಹಣೆಯ ಮೇಲೆ ದೊಡ್ಡ ಗುಬುಟು. ಅಂಗಡಿಯಲ್ಲಿ ಅಷ್ಟು ಚೆಂದದ ಮೀನು ಬೇರೊಂದಿರಲಿಲ್ಲ. ಆದರೆ ಅದು ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿತ್ತು.

"ಇದ್ ಫ್ಲವರ್‌ಹಾರ್ನ್ ಅಲ್ದಾ? ನಂಗ್ ಇದೇ ಬೇಕ್."

"ಅದ್ ಬ್ಯಾಡ." ಅವನ ಸ್ವರ ಗಡುಸಾಯಿತು. "ಅದ್ ಶೋಗಲ್ಲ. ಬಂದವ್ರಿಗೆಲ್ಲ ಬೆನ್ನ್ ಹಾಕತ್ತ್. ಸಮಾ ತಿಂತಲೂ ಇಲ್ಲೆ."

ಅವಳ ಬಳಿಯೂ ಒಂದು ಕಾಲದಲ್ಲಿ ಇಂಥದ್ದೇ ಒಂದು ಮೀನಿತ್ತು... ನೆನಪನ್ನು ತಡೆಯಲು ಅವಳಿಂದಾಗಲಿಲ್ಲ.

ಬ್ರಹ್ಮಾವರದಲ್ಲಿ ಅವಳು ಕೆಲಸಕ್ಕಿದ್ದ ಆಫೀಸಿಗೆ ಟ್ಯಾಂಕ್ ತೊಳೆಯಲು ಬರುತ್ತಿದ್ದವನು ಉಲ್ಲಾಸ್. ಆಗ ಅವನು ಬೇರೆಯವರ ಅಂಗಡಿಯಲ್ಲಿದ್ದ. ಟ್ಯಾಂಕ್ ಕೊಳೆಯಾಗದಿದ್ದರೂ ಬರತೊಡಗಿದಾಗ ಆಫೀಸಿನವರೆಲ್ಲ ಮುಸಿಮುಸಿ ನಕ್ಕಿದ್ದರು! ಒಂದು ದಿನ ಬೆರಳುದ್ದದ ಫ್ಲವರ್‌ಹಾರ್ನ್ ಮರಿಯೊಂದನ್ನು ತಂದು ಅವಳ ಮೇಜಿನ ಮೇಲಿಟ್ಟಿದ್ದ. "ಇದ್ ಒಂಟಿ ಮೀನ್. ಜತಿಗ್ ಬೇರೆ ಬಿಟ್ರೆ ಕಚ್ಚಿ ಹಾಕತ್ತ್. ಆರೆ ಸಾಕ್ದವ್ರ್ ಮುಖ ಮಾತ್ರ ಮರಿತಿಲ್ಲೆ, ರಮಿ."

ವಿಷಯ ಮನೆಗೆ ತಿಳಿಯಿತು. ಅಪ್ಪಯ್ಯ ಕೂಗಾಡಿದರು. ಮರುದಿನ ಆಫೀಸಿನ ಮೂಲೆಯಲ್ಲಿ ನಿಂತು, ನಡುಗುವ ಸ್ವರದಲ್ಲಿ ಅವಳು ಫೋನ್ ಮಾಡಿದ್ದಳು. "ಮನೆಲ್ ಗೊತ್ತಾಯ್ತ್ ಉಲ್ಲಾಸ್. ಈ ಮೀನ್ ಎಂತ ಮಾಡುದ್? ನಮ್ದ್ ಎಂತ ಮಾಡುದ್?"

ಆ ಕಡೆಯಿಂದ ಬಂದದ್ದು ಒಂದೇ ಮಾತು.

"ಸಾಕ್."

ಅಷ್ಟೇ. ಫೋನ್ ಇಟ್ಟಿದ್ದ.

ಸಾಕಂತೆ! ಇಷ್ಟಕ್ಕೇ ಸಾಕಾಯಿತೇ ಇವನಿಗೆ? ಅಳುತ್ತಲೇ ಅವನ ನಂಬರ್ ಬ್ಲಾಕ್ ಮಾಡಿದ್ದಳು. ಅದೇ ಮಧ್ಯಾಹ್ನ ವಾಚ್‌ಮನ್ ಚೆನ್ನಯ್ಯನ ಕೈಯಲ್ಲಿ ಮೀನನ್ನು ವಾಪಸ್ ಕಳಿಸಿದ್ದಳು. ವಾರದೊಳಗೆ ಕೆಲಸ ಬಿಟ್ಟು ಬೈಂದೂರು ಸೇರಿದ್ದಳು.

"ಬ್ಯಾರೆಯವ್ರಿಗ್ ಕೊಡುಕಿಟ್ಟದ್ದಾ ಇದ್?" ಈಗ ಅವಳಿಗೂ ಹಟ ಬಂದಿತ್ತು. "ಹೇಳಿ, ಎಂತಕ್ ಬ್ಯಾಡ?"

ಅವನು ತಡೆಹಿಡಿದದ್ದೆಲ್ಲ ಒಡೆದು ಬಂತು. "ಎಂತಕಾ? ಇದ್ ನೀ ಬ್ಯಾಡ ಅಂದ್ ವಾಪಸ್ ಕಳ್ಸಿದ ಮೀನ್ ರಮಿತಾ! ಒಂದ್ಸಲ ಬ್ಯಾಡ ಅಂದದ್ದನ್ನ ಈಗ್ ಶೋಕಿಗ್ ತಕಂಡ್ ಹೋತ್ಯಾ?"

ಅದೇ ಮರಿಯಾ?! ಬೆರಳುದ್ದ ಇದ್ದದ್ದು...! ಅವಳ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು.

"ನಾ ಬ್ಯಾಡ ಅಂದದ್ದಾ? ನೀನೇ ಅಲ್ದಾ ಸಾಕ್ ಅಂದದ್ದ್!"

"ಹೌದ್, ಅಂದೆ! ಸಾಕ್ ಅಂದೆ. ನೀ ಸಾಕ್ಲಿಲ್ಲೆ!"



ರಮಿತಾ ಅವನನ್ನೇ ನೋಡಿದಳು. ಏನು ಹೇಳುತ್ತಿದ್ದಾನೆ ಇವನು? ಸಾಕಲಿಲ್ಲ... ಅಂದರೆ...

"ನೀ... ನೀ ಹೇಳದ್ದ್ ಮೀನ್ ಸಾಕ್ ಅಂತ್ಯಾ?"

"ಮತ್ತೆಂತ? ಮೀನ್ ಎಂತ ಮಾಡುದ್ ಅಂದಿ, ಸಾಕ್ ಅಂದೆ. ಮೀನೇ ಸಾಕ್ ಅಂದವ ನಿನ್ನ ಬಿಡ್ತ್ನಾ? ಅಂಗಡಿ ಸೇಟ್ರ್ ಪಕ್ಕದಗೇ ನಿಂತಿದ್ರ್. ಸಂಜಿಗ್ ಫೋನ್ ಮಾಡಿ, ಮನಿಗ್ ಬಂದ್ ನಿನ್ನ ಅಪ್ಪಯ್ಯನ ಹತ್ರ ಮಾತಾಡ್ತೆ ಅಂತ ಹೇಳ್ವ ಅಂದ್ಕಂಡಿದ್ದೆ. ಸಂಜಿಯೊಳಗ್ ಮೀನೇ ಬಂತಲೆ!" ಅವನ ಸ್ವರ ಸಣ್ಣದಾಯಿತು. "ನೀ ಎಂತ ತಿಳ್ಕಂಡೆ?"

"ನಮ್ದೇ ಸಾಕ್ ಅಂದಿ ಅಂತ..." ಅವನ ಮುಖದ ಬಣ್ಣವೇ ಇಳಿದುಹೋಗಿತ್ತು.

ಎರಡು ಪ್ರಶ್ನೆ ಕೇಳಿದ್ದಳು ಅವಳು. ಒಂದಕ್ಕೆ ಉತ್ತರ ಕೊಟ್ಟಿದ್ದ ಅವನು. ಅದನ್ನು ಇನ್ನೊಂದಕ್ಕೆ ಹಚ್ಚಿಕೊಂಡು ನಾಲ್ಕು ವರ್ಷ ಅತ್ತಿದ್ದಳು. ಇಂಥ ಹೆಣ್ಣಿಗೆ ಏನನ್ನೋಣ ಹೇಳಿ!

"ಒಂದ್ ಮಾತ್ ಕೇಂಬುಕಾಗ್ದಾ ನಿಂಗ್?"

"ನಿಂಗ್ ಆಗ್ದಾ? ಮೀನ್ ಬಂದದ್ದೇ ಸುಮ್ನೆ ಕೂಕಂಡ್ಯಲ್ಲ ನೀನೂ!"



"ಅಪ್ಪಯ್ಯ ಹೋದ ವರ್ಷವೇ ನನ್ನ ಹಟಕ್ಕ್ ಸೋತ್ರ್," ಎಂದಳು ರಮಿತಾ, ಬಿಕ್ಕುತ್ತಾ. "ಬಂದ ಗಂಡಿಗೆಲ್ಲ ಬ್ಯಾಡ ಅಂತಿದ್ದೆ. 'ಯಾರಾರೂ ಅಡ್ಡಿಲ್ಲೆ, ನೀ ಹೇಳ್ದವ್ನನ್ನೇ ಮಾಡುವ' ಅಂದ್ರ್. ಆಗ್ಳೂ ನಾ ಬರ್ಲಿಲ್ಲೆ. ನಿಂಗೇ ಬ್ಯಾಡದ್ದ್ ಅಂತ..."

ಉಲ್ಲಾಸ್ ಹಣೆ ಹಿಡಿದು ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಇಷ್ಟ್ ದೊಡ್ಡ ಮಾಡಿದ್ಯಲ್ಲ ಇದನ್ನ," ಅವಳು ಟ್ಯಾಂಕಿನ ಹತ್ತಿರ ಹೋದಳು.

"ನಾನಲ್ಲ. ನಂಗ್ ಅದ್ರ ಮುಖ ಕಂಡ್ರೆ ಸಂಕ್ಟ ಆತಿತ್. ಅಮ್ಮ ಸಾಕಿದ್ರ್. 'ಆ ಹೆಣ್ ಒಂದಿನ ಬತ್ತ್, ಕೇಂಡ್ರೆ ಕೊಡ್ಕಲ್ದಾ' ಅಂತಿದ್ರ್."

"ಅಮ್ಮ ಹ್ಯಾಂಗಿದ್ರ್?"

ಅವನು ಬಾಗಿಲ ಕಡೆ, ಬೋರ್ಡಿನ ಕಡೆ ನೋಡಿದ.

"ಅಕ್ಕು ಅಂದ್ರೆ... ಅಮ್ಮನ ಹೆಸ್ರಾ?"

"ಹೂಂ. ಹೋದ ಮಳಿಗಾಲ ಹೋದ್ರ್. ಆಮೇಲೆ ಮೀನ್ ಯಾರ್ ಹಾಕಿದ್ರೂ ಸಮಾ ತಿಂತಿಲ್ಲೆ. ಮನೆಯಗ್ ಅದೊಂದೇ ಆತ್ತಲೆ ಅಂತ ಇಲ್ಲಿಗ್ ತಂದೆ."

ಕುಂಭಾಶಿಯ ಉಲ್ಲಾಸನ ಮನೆಗೆ ಅವಳು ಒಂದೇ ಸಲ ಹೋಗಿದ್ದಳು. ಅವನಮ್ಮ ಚಾ ಕೊಟ್ಟು, ಮುಡಿಯಲು ಅಬ್ಬಲಿಗೆ ಹೂ ಕೊಟ್ಟು, ಹೊರಡುವಾಗ ಗೇಟಿನ ತನಕ ಬಂದಿದ್ದರು. ಬಾಯಿ ತುಂಬ 'ಅಮ್ಮ' ಎಂದು ಕರೆದಿದ್ದಳು, ಹೆಸರು ಕೇಳಿರಲಿಲ್ಲ. ಆ ಹೆಸರಿನ ಕೆಳಗೇ ಇವತ್ತು ನಗುತ್ತಾ ಬಂದಿದ್ದಳಲ್ಲ!

ರಮಿತಾ ಗಾಜಿಗೆ ಬೆರಳು ತಾಗಿಸಿದಳು. "ಏಯ್, ನಾನ್ ಕಾಣ್..."

ಮೀನು ತಿರುಗಲಿಲ್ಲ. ಸಿನಿಮಾದಲ್ಲಾಗಿದ್ದರೆ ಓಡಿ ಬರುತ್ತಿತ್ತೇನೋ. ಸಾಕಿದವರ ಮುಖ ಅದು ಮರೆಯುವುದಿಲ್ಲ ನಿಜ. ಆದರೆ ಅದನ್ನು ಸಾಕಿದವಳು ರಮಿತಾ ಅಲ್ಲವಲ್ಲ! ಅವಳು ಅಲ್ಲೇ ಗಾಜಿಗೆ ಹಣೆಯಿಟ್ಟು ಅತ್ತುಬಿಟ್ಟಳು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಣ್ಣ.

"ಎಂತ ಹೆಣೆ, ಮೀನ್ ಸಿಕ್ಕಿತಾ?"

"ಸಿಕ್ಕಿತ್. ಲಾಡ್ಜಿಗ್ ಆಸ್ಕರ್ ತತ್ತೆ." ಮೂಗು ಒರೆಸಿಕೊಂಡಳು. "ಅಣ್ಣ, ಅಪ್ಪಯ್ಯನಿಗ್ ಹೇಳ್. ಅವ್ರ್ ಆವತ್ತ್ ಬೈದ್ರಲ್ಲ, ಉಲ್ಲಾಸ್... ನಾ ಈಗ್ ಅವನ ಅಂಗಡಿಯಗಿದ್ದೆ. ಬಪ್ಪುಕೆ ಹೊತ್ತಾತ್ತ್."

"ನಿಧಾನ ಬಾ," ಎಂದ ಅಣ್ಣ.

ಅವಳು ಉಲ್ಲಾಸನ ಎದುರು ಬಂದು ನಿಂತಳು. ಈ ಸಲ ಸ್ವರ ನಡುಗಲಿಲ್ಲ.

"ನಂಗ್ ನೀ ಬೇಕ್, ಉಲ್ಲಾಸ್. ಇದ್ರಗೆ ಎರಡ್ ಅರ್ಥ ಎಂತದೂ ಇಲ್ಲೆ."

ಅವನು ಅವಳ ಕೈ ಹಿಡಿದುಕೊಂಡ. ಕಣ್ಣು ತುಂಬಿದ್ದರೂ ನಕ್ಕ.

"ನಂಗೂ ನೀನೇ ಬೇಕ್, ರಮಿ. ಆವತ್ತೂ, ಈಗ್ಳೂ." ಸ್ವಲ್ಪ ತಡೆದು ಹೇಳಿದ, "ಅಮ್ಮ ಇದ್ದಿದ್ರೆ ಇವತ್ತ್ ಇಬ್ರಿಗೂ ಸಮಾ ಬೈತಿದ್ರ್."

"ಬೈಸ್ಕಂಬುಕಾರೂ ನಾ ಒಂದ್ಸಲ ಬರ್ಕಿತ್..."

ಉಲ್ಲಾಸ್ ಎದ್ದು ಅಂಗಡಿಯ ಬೀಗದ ಕೈ ತೆಗೆದುಕೊಂಡ.

"ಬಾ, ಮನಿಗ್ ಹೋಪ."

"ಅಮ್ಮನ ಫೋಟೊ ಎದ್ರಗ್ ನಿಂತ್ ನಾ ಎಂತ ಹೇಳ್ಲಿ?"

"ತಡ ಆಯ್ತ್ ಅಮ್ಮ, ಅನ್ನ್," ಎಂದ ಅವನು. "ನಾನೂ ನಿನ್ ಪಕ್ಕದಗೇ ನಿಂತ್ಕಂತೆ."