ಕೆಂಡ್ರಾಳ ತೂಕಕ್ಕೆ ಹೊಂದಿಸಿದ ಸ್ಪ್ರಿಂಗ್

ಮೇ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಎಂಟೂ ಹತ್ತು. ವೆಸ್ಟ್ ವರ್ಜೀನಿಯಾದ ಟಾಲ್‌ಬರ್ಟ್ ಕೌಂಟಿಯ ಷೆರಿಫ್ ಠಾಣೆಗೆ ವೆಂಡೆಲ್ ಲೈಲ್ ಬಂದು ದೂರು ಕೊಟ್ಟ. ಹಿಂದಿನ ಸಂಜೆ ಊರೆಲ್ಲ ಬುಧವಾರದ ಪ್ರಾರ್ಥನೆಗೆ ಹೋಗಿದ್ದಾಗ ಯಾರೋ ಅವನ ಶೆಡ್ಡಿನ ಬೀಗ ಒಡೆದು, ಮಗಳು ಕೆಂಡ್ರಾಳ ನಾಲ್ಕು ಚಕ್ರದ ರೇಸ್ ಬೈಕಿಗೆ, ಅಂದರೆ ಕ್ವಾಡ್‌ಗೆ, ಕೈ ಹಾಕಿದ್ದರು.

"ಏನು ಹೋಗಿದೆ?" ತನಿಖಾಧಿಕಾರಿ ಹೋಯ್ಟ್ ಸ್ಟಾಂಪರ್ ಕೇಳಿದರು.

"ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕೇಜ್. ಆ ಜಾಗದಲ್ಲಿ ಬೇರೆ ಹಾಕಿ ಹೋಗಿದ್ದಾನೆ."

"ಹಳೇದು ತಗೊಂಡು ಹೊಸದು ಕೊಟ್ಟು ಹೋಗೋ ಕಳ್ಳ! ನಮ್ಮನೆಗೂ ಕಳಿಸಪ್ಪ."

"ನಗಬೇಡಿ ಸಾರ್. ಶನಿವಾರ ರೇಸ್. ಹಾರಿ ಇಳಿಯೋವಾಗ ಅದು ಕೈಕೊಟ್ರೆ ನನ್ನ ಮಗಳ ಬೆನ್ನುಮೂಳೆ ಉಳಿಯಲ್ಲ."

ಸ್ಟಾಂಪರ್ ನಗು ನಿಲ್ಲಿಸಿ ದೂರು ದಾಖಲಿಸಿಕೊಂಡರು.

ಹತ್ತು ಗಂಟೆಗೆ ಶೆಡ್ಡಿನಲ್ಲಿ ಮಹಜರು ನಡೆಯಿತು. ಕ್ವಾಡ್‌ಗಳ ನಡುವೆಯೇ ಬೆಳೆದ ಡೆಪ್ಯುಟಿ ಟ್ರೆಸಾ ಕೂಂಬ್ಸ್ ನೆಲಕ್ಕೆ ಬೆನ್ನು ಕೊಟ್ಟು ಗಾಡಿಯ ಕೆಳಗೆ ಸರಿದಳು. ಹಿಂದಿನ ಚಕ್ರಗಳು ತಿಂದ ಪೆಟ್ಟನ್ನು ಶಾಕಿಗೆ ಎಷ್ಟು, ಯಾವಾಗ ಮುಟ್ಟಿಸಬೇಕೆಂದು ತೀರ್ಮಾನಿಸುವುದು ಲಿಂಕೇಜ್ ಎಂಬ ಅಂಗೈಯಗಲದ ಆ ಲೋಹದ ತುಂಡು. ಯಾರಾದರೂ ಬಿಚ್ಚಿದರೆ ತಿಳಿಯಲೆಂದು ಬೋಲ್ಟುಗಳ ಮೇಲೆ ವೆಂಡೆಲ್ ಹಚ್ಚಿದ್ದ ಹಳದಿ ಗುರುತು ಇರಲಿಲ್ಲ. ಆದರೆ ಬೋಲ್ಟುಗಳು ಬಿಗಿಯಾಗಿದ್ದವು, ಬೇರಿಂಗಿಗೆ ಗ್ರೀಸು ತುಂಬಿತ್ತು.

"ಕೆಡಿಸೋಕೆ ಬಂದೋನು ಗ್ರೀಸು ಹಚ್ತಾನಾ ಸಾರ್?" ಎಂದಳು ಟ್ರೆಸಾ. "ಸ್ಪ್ರಿಂಗನ್ನೂ ಮುಟ್ಟಿದ್ದಾನೆ. ಕೆಂಡ್ರಾ, ರೇಸಿನ ಬಟ್ಟೆ ಹಾಕ್ಕೊಂಡು ಬಂದು ಕೂತ್ಕೋ."

ಕೆಂಡ್ರಾ ಹೆಲ್ಮೆಟ್ಟು, ಬೂಟು, ಹೋದ ವರ್ಷ ಮುರಿದ ಮೊಣಕಾಲಿನ ಕಬ್ಬಿಣದ ಪಟ್ಟಿ ಎಲ್ಲ ತೊಟ್ಟು ಕುಳಿತಳು. ಟ್ರೆಸಾ ಟೇಪು ಹಿಡಿದಳು. ಅವಳ ಭಾರಕ್ಕೆ ಗಾಡಿಯ ಹಿಂಭಾಗ ಇಳಿದದ್ದು ಸರಿಯಾಗಿ ಮೂರೂವರೆ ಇಂಚು.

"ಅಷ್ಟೇ ಇಳೀಬೇಕು. ನಾನು ಎರಡು ತಿಂಗಳಿಂದ ಒದ್ದಾಡಿದ್ರೂ ಬರ್ಲಿಲ್ಲ," ಎಂದ ವೆಂಡೆಲ್.

"ಹೋದ ವರ್ಷದ ತೂಕಕ್ಕೆ ಇಟ್ಟಿರ್ತೀಯ." ಟ್ರೆಸಾ ಹುಡುಗಿಯತ್ತ ತಿರುಗಿದಳು. " ಕೆಂಡ್ರಾ, ಈಗಿನ ತೂಕ ಯಾರಿಗೆ ಗೊತ್ತು?"

ಕೆಂಡ್ರಾ ಅಪ್ಪನ ಮುಖ ನೋಡಿದಳು. "ಹೋದ ವಾರ ಅಭ್ಯಾಸ ಮುಗಿಸಿ ಇದೇ ಬಟ್ಟೇಲಿ ದನದ ಮೇವಿನ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಅಮೋಸ್ ತಾತ ತಕ್ಕಡಿ ಮೇಲೆ ನಿಲ್ಲಿಸಿದ್ರು. 'ಐವತ್ತು ಪೌಂಡಿನ ಮೂರು ಮೂಟೆ ಮೇವು, ಮೇಲೊಂದು ಕೋಳಿ' ಅಂತ ನಕ್ಕಿದ್ರು."

ವೆಂಡೆಲ್ ಮುಖ ತಿರುಗಿಸಿದ. ಹಳೆಯ ಲಿಂಕೇಜನ್ನು ತನ್ನ ವರ್ಕ್‌ಶಾಪಿನಲ್ಲಿ ಕಡೆದುಕೊಟ್ಟವನೇ ಅಮೋಸ್ ರಟ್ಲಿಫ್. ಮೊಣಕಾಲು ಮುರಿದ ಹುಡುಗಿಯನ್ನು ಒಂದು ವರ್ಷ ರೇಸಿಗಿಳಿಸಬೇಡವೆಂದು ವೆಂಡೆಲ್‌ಗೆ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಹೇಳಿದಾಗಿನಿಂದ ಅವನಿಗೆ ಆ ಮನೆಯ ಬಾಗಿಲು ಮುಚ್ಚಿತ್ತು.

ಮಧ್ಯಾಹ್ನ ಸ್ಟಾಂಪರ್ ಪಾದ್ರಿಯನ್ನು ಕಂಡರು. ಮೂವತ್ತು ವರ್ಷದಿಂದ ಬುಧವಾರ ತಪ್ಪಿಸದ ಅಮೋಸ್ ನಿನ್ನೆ ಬಂದಿರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಅವನ ವರ್ಕ್‌ಶಾಪಿನ ಮೇಜಿನ ಮೇಲೆ ಕೆಂಡ್ರಾಳ ಹಳೆಯ ಲಿಂಕೇಜ್ ಸಿಕ್ಕಿತು. ಪಕ್ಕದಲ್ಲಿ ಅದರದೇ ಜೋಡಿ, ಎರಡು ತುಂಡಾಗಿ.

"ಬೀಗ ಒಡೆದೋನು ನೀನೇನಾ?" ಸ್ಟಾಂಪರ್ ಕೇಳಿದರು.

"ನಾನೇ. ಎರಡನ್ನೂ ಒಂದೇ ದಿನ ಕೊರೆದಿದ್ದೆ. ಬೋಲ್ಟಿನ ತೂತು ಅಂಚಿಗೆ ಹತ್ರ ಬಂದಿತ್ತು. ಬೇರೆ ಹುಡುಗನ ಗಾಡೀಲಿದ್ದದ್ದು ಮೊನ್ನೆ ಮುರೀತು. ದೇವರ ದಯೆ, ಅವನು ಹುಲ್ಲಿನ ಮೇಲೆ ಬಿದ್ದ."

"ವೆಂಡೆಲ್‌ಗೆ ಹೇಳಬಾರದಾಗಿತ್ತಾ?"

"ಫೋನ್ ಮಾಡಿದೆ. ನನ್ನ ದನಿ ಕೇಳ್ತಿದ್ದಂಗೇ ಇಟ್ಬಿಟ್ಟ."

"ಕೆಂಡ್ರಾಗೆ?"

"ಅಪ್ಪನ ಕಣ್ಣು ತಪ್ಪಿಸಿ ಶೆಡ್ಡಿನ ಬಾಗಿಲು ತೆಗಿ ಅಂತ ಮಗಳಿಗೆ ಹೇಳಿಕೊಡಲಾ?" ಅಮೋಸ್ ಕೈ ಒರೆಸಿಕೊಂಡ. "ನಿಜ ಹೇಳಲಾ ಹೋಯ್ಟ್? ನನ್ನ ಕೈ ತಪ್ಪಿತು ಅನ್ನೋ ಮಾತು ಬಾಯಿಗೆ ಬರ್ಲಿಲ್ಲ. ಬೀಗ ಒಡೆಯೋದು ಅದಕ್ಕಿಂತ ಸುಲಭ ಆಯ್ತು."

ಬೀಗ ಒಡೆದದ್ದು ಒಡೆದದ್ದೇ. ಸ್ಟಾಂಪರ್ ಅವನನ್ನು ಬಂಧಿಸಿದರು. ಬೇಡಿ ಹಾಕಲಿಲ್ಲ.

ಠಾಣೆಗೆ ಬಂದ ವೆಂಡೆಲ್ ಮಗಳ ಲಿಂಕೇಜನ್ನು ಬೆಳಕಿಗೆ ಹಿಡಿದ. ಜೋಡಿ ಮುರಿದಿದ್ದ ಜಾಗದಲ್ಲೇ ಕೂದಲೆಳೆಯಷ್ಟು ಬಿರುಕು. ಅವನು ಅದನ್ನು ಮೇಜಿನ ಮೇಲಿಟ್ಟು ಅಮೋಸ್‌ನತ್ತ ತಿರುಗಿದ.

"ಹೊಸದರಲ್ಲಿ ತೂತು ಎಲ್ಲಿ ಕೊರೆದಿದ್ದೀಯ ಅಮೋಸ್?"

"ಒಳಕ್ಕೆ. ಮೂರು ಸಲ ಅಳೆದು."

ಕಡತದ ಕೊನೆಯಲ್ಲಿ ಸ್ಟಾಂಪರ್ ಬರೆದರು: ಆರೋಪಿ ಏನನ್ನೂ ಬಯಸಿ ಬಂದವನಲ್ಲ. ತನ್ನ ತಪ್ಪನ್ನು ಹೇಳಲಾರದೆ, ತಿದ್ದಲು ಹೋದ.

ಶುಕ್ರವಾರ ಅಮೋಸ್‌ಗೆ ಜಾಮೀನು ನಿಂತವನು ವೆಂಡೆಲ್. ಆರೋಪಿ ಕೌಂಟಿ ಬಿಟ್ಟು ಹೋಗಬಾರದೆಂದು ನ್ಯಾಯಾಧೀಶರು ಷರತ್ತು ಹಾಕಿದರು. ರೇಸಿನ ಮೈದಾನ ಕೌಂಟಿಯೊಳಗೇ ಇತ್ತು. ಶನಿವಾರ ಬೆಳಿಗ್ಗೆ ಕೆಂಡ್ರಾ ಗಾಡಿ ಏರಿ ಕುಳಿತಾಗ, ಟೇಪಿನ ಒಂದು ತುದಿಯನ್ನು ವೆಂಡೆಲ್ ಹಿಡಿದಿದ್ದ, ಇನ್ನೊಂದನ್ನು ಅಮೋಸ್.